ಲೇಬಲ್‌ಗಿಂತ ಮೊದಲು ಹಾಡು

ಸ್ನೇಹಿತರೇ, ಪೀಣ್ಯದ ನಮ್ಮ ಶೆಡ್‌ನಲ್ಲಿ ಇವತ್ತು ಬಾಟಲಿಗೆ ಲೇಬಲ್ ಅಂಟಿಸುವ ಹೊಸ ಯಂತ್ರದ ಪರೀಕ್ಷೆ ಇತ್ತು. ಗ್ರಾಹಕರು ಒಪ್ಪಿದರೆ ಮಾತ್ರ ಆರ್ಡರ್. ಬಾಟಲಿ ಎದುರಿಗೆ ಬಂದ ಕ್ಷಣದಲ್ಲೇ ಲೇಬಲ್ ಬೀಳುವಂತೆ ಟೈಮರ್ ಬರೆದವಳು ನಾನು. ಇವತ್ತು ಒಂದು ಲೇಬಲ್ ನೆಟ್ಟಗೆ ಬಿತ್ತು, ಇನ್ನೊಂದು ಅಂಚಿಗೆ, ಮತ್ತೊಂದು ನೆಲಕ್ಕೆ. ಟೈಮರಿನ ಈ ಹಿಂದುಮುಂದಿಗೆ ನಾವು ಜಿಟ್ಟರ್ ಎನ್ನುತ್ತೇವೆ.

"ಸರಾಸರಿ ಕರೆಕ್ಟಾಗಿದೆ ಸಾರ್," ಎಂದರು ನಮ್ಮ ಮಾಲೀಕರು.

"ಸರಾಸರೀನ ಬಾಟ್ಲಿಗೆ ಅಂಟ್ಸಕ್ಕಾಗುತ್ತೇನ್ರೀ?" ಎಂದರು ಗ್ರಾಹಕರು.

ಶುಭವಾಗಲೆಂದು ಮಾಲೀಕರು ಅದೇ ಯಂತ್ರದ ಕಂಪ್ಯೂಟರಿನಲ್ಲಿ ಗಣೇಶನ ಹಾಡು ಹಾಕಿದ್ದರು. ಕಂಪ್ಯೂಟರಿನ ಕೆಲಸಗಳ ಪಟ್ಟಿ ತೆರೆದು ನೋಡಿದೆ. ಹಾಡಿನ ಆದ್ಯತೆ ನನ್ನ ಟೈಮರಿಗಿಂತ ಮೇಲಿತ್ತು. ಹಾಡಿಗೆ ಬಿಡುವಾದರೆ ಲೇಬಲ್.

"ಇದನ್ನ ಯಾರು ಸಾರ್ ಮೇಲೆ ಹಾಕಿದ್ದು?"

"ನಾನೇ ಹೇಳಿ ಹಾಕಿಸ್ದೆ ಕಣಮ್ಮ. ನಿನ್ನೆ ಹಾಡು ನಿಂತು ನಿಂತು ಬರ್ತಿತ್ತು. ದೇವ್ರ ಹಾಡು ಹಂಗೆ ಬಂದ್ರೆ ಚೆನ್ನಾಗಿರುತ್ತಾ?"

ಹಾಡು ನಿಲ್ಲಿಸಿದೆ. ಲೇಬಲ್‌ಗಳು ಸಾಲಾಗಿ ನೆಟ್ಟಗಾದವು. ಆದರೆ ನಾನು ಹಾಡು ನಿಲ್ಲಿಸುವ ಮೊದಲೇ ಗ್ರಾಹಕರು ಬೇಡವೆಂದು ಹೇಳಿ ಕಾರು ಹತ್ತಿ ಹೋಗಿಯಾಗಿತ್ತು.

"ನೋಡ್ದೇನಮ್ಮಾ, ಹಾಡು ಅರ್ಧಕ್ಕೆ ನಿಲ್ಲಿಸ್ದೆ, ಆರ್ಡರ್ ಹೋಯ್ತು," ಎಂದರು ಮಾಲೀಕರು.

ಕಾರಣಕ್ಕಿಂತ ಮೊದಲೇ ಪರಿಣಾಮ ಬರುವಷ್ಟು ಜಿಟ್ಟರ್ ನನ್ನ ಟೈಮರಿನಲ್ಲೂ ಇರಲಿಲ್ಲ.