ಹಜ್ಜಾಳ ಬುಟ್ಟಿ ಏರಿದ ಕೋಟು

ಫಿಕ್ರಿಯ ಟೈಗೆ ಗಂಟಿಲ್ಲ, ಎಲಾಸ್ಟಿಕ್ ಇದೆ. ಚೀಸ್ ಕೌಂಟರಿನಲ್ಲಿ ಇಬ್ಬರು ಹೆಂಗಸರು ಜಗಳಕ್ಕೆ ನಿಂತು ಇವನು ನಡುವೆ ಹೋದರೆ, ಒಬ್ಬಳಾದರೂ ಆ ಟೈ ಹಿಡಿದು ಎಳೆಯುತ್ತಾಳೆ. ಬಿಟ್ಟಾಗ ಅದು ಪಟ್ಟನೆ ಬಂದು ಅವನ ಗದ್ದಕ್ಕೆ ಬಡಿಯುತ್ತದೆ. ಅಲ್ಲಿಗೆ ಜಗಳ ಮುಗಿಯಿತು. ಅಲೆಕ್ಸಾಂಡ್ರಿಯಾದ ಕರ್ಮೂಸಿನಲ್ಲಿ, ನಮ್ಮ ಕಟ್ಟಡದ ನೆಲಮಹಡಿಯ ಸೂಪರ್‌ಮಾರ್ಕೆಟ್ಟಿನ ಸಹಾಯಕ ಮ್ಯಾನೇಜರ್ ಮಾಡುವ ಕೆಲಸಗಳಲ್ಲಿ ಇದೊಂದು. ಕೆಟ್ಟ ಫ್ರಿಜ್ಜಿಗೆ ಒದೆಯುವುದು, ಸಕ್ಕರೆ ಮೂಟೆಯ ಮೇಲೆ ಮಲಗಿದ ಬೆಕ್ಕನ್ನು ಎಬ್ಬಿಸುವುದು, ನಾಳೆ ಹುಳಿಯಾಗುವ ಮೊಸರನ್ನು ಇವತ್ತು ಮುಂದೆ ಜೋಡಿಸುವುದು ಉಳಿದವು. ಮ್ಯಾನೇಜರ್ ರಮ್ಸಿಯದು ಒಂದೇ ಕೆಲಸ. ಗಾಜಿನ ಕೋಣೆಯಲ್ಲಿ ತಣ್ಣಗೆ ಕೂರುವುದು.

ಆ ಜಾಗದಲ್ಲಿ ಮೊದಲು ಫಿಕ್ರಿಯ ಅಪ್ಪನ ದಿನಸಿ ಅಂಗಡಿ ಇತ್ತು. ಕಂಪನಿ ಬಂದು ಅಂಗಡಿ ಕೊಂಡಿತು, ಗೋಡೆ ಒಡೆಯಿತು, ಕಣ್ಣು ಕುಕ್ಕುವ ದೀಪ ಹಾಕಿತು, ತಕ್ಕಡಿಯನ್ನು ಗುಜರಿಗೆ ಎಸೆದು ಮಗನನ್ನು ಇಟ್ಟುಕೊಂಡಿತು. ಮಗನ ಜೊತೆಗೆ ಒಂದು ಚಾಳಿಯೂ ಬಂತು. ಅದೇ ಬುಟ್ಟಿ.

ನಮ್ಮ ಕಟ್ಟಡಕ್ಕೆ ಲಿಫ್ಟ್ ಇದೆ. ಅಂದರೆ ಲಿಫ್ಟಿನ ಗೂಡು ಇದೆ. ಕಾವಲುಗಾರ ಅದರಲ್ಲಿ ಪಾರಿವಾಳ ಸಾಕಿದ್ದಾನೆ. ಹಾಗಾಗಿ ಮೇಲಿನ ಮನೆಗಳ ಹೆಂಗಸರು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಾರೆ, ಫಿಕ್ರಿಯ ಹೆಸರು ಹಿಡಿದು ಕೂಗುತ್ತಾರೆ, ಅವನು ಬೇಳೆಯನ್ನೋ ಸೋಪನ್ನೋ ಹಾಕುತ್ತಾನೆ. ಬುಟ್ಟಿ ಭಾರವಾದದ್ದು ಕೈಗೆ ತಿಳಿದ ಕೂಡಲೇ ಮೇಲಕ್ಕೆ ಸೇದಿಕೊಳ್ಳುತ್ತಾರೆ. ಅಪ್ಪನ ಕಾಲದಿಂದ ಇನ್ನೊಂದು ಪದ್ಧತಿಯೂ ಇದೆ: ಯಾರಾದರೂ ತಿಂಡಿ ಇಟ್ಟು ಬುಟ್ಟಿ ಇಳಿಸಿದರೆ ಅದನ್ನು ಬರಿದಾಗಿ ಮೇಲೆ ಕಳಿಸಬಾರದು. ಒಂದು ನಿಂಬೆಹಣ್ಣಾದರೂ ಇರಬೇಕು.

ಕಂಪನಿಗೆ ಬುಟ್ಟಿ ಕಂಡರಾಗದು. ಗಿರಾಕಿ ಕಾಲ್ನಡಿಗೆಯಲ್ಲಿ ಒಳಗೆ ಬರಬೇಕು, ಬೇಡದ ಬಿಸ್ಕತ್ತುಗಳ ಮುಂದೆ ಹಾಯಬೇಕು, ಆಸೆಪಟ್ಟು ನಾಲ್ಕು ಪೊಟ್ಟಣ ಎತ್ತಿಕೊಳ್ಳಬೇಕು. ಬುಟ್ಟಿಗೆ ಕಣ್ಣಿಲ್ಲ, ಅದು ಬಿಸ್ಕತ್ತು ನೋಡುವುದಿಲ್ಲ. ಹೀಗಾಗಿ ಬುಟ್ಟಿ ನಿಷೇಧ. ರಮ್ಸಿ ಗಾಜಿನ ಕೋಣೆಯಲ್ಲಿ ತೂಕಡಿಸುವಾಗಲೆಲ್ಲ ಫಿಕ್ರಿ ಹೊರಗೆ ಬಂದು ನಿಷೇಧ ಮುರಿಯುತ್ತಿದ್ದ. ರಮ್ಸಿ ತೂಕಡಿಸದೆ ಇರುತ್ತಿದ್ದದ್ದೇ ಅಪರೂಪ.

ಹೀಗಿರುವಾಗ ರಮ್ಸಿಗೆ ಬೇರೆ ಶಾಖೆಗೆ ವರ್ಗವಾಗಿ, ಗಾಜಿನ ಕೋಣೆಯ ಕುರ್ಚಿ ಖಾಲಿಯಾಗುವುದೆಂದು ಸುದ್ದಿ ಬಂತು. ಆ ಕುರ್ಚಿಯಲ್ಲಿ ಯಾರು ಕೂರಬೇಕೆಂದು ನೋಡಲು ಕಂಪನಿಯ ದೊಡ್ಡ ಮನುಷ್ಯ ಇಸ್ಮತ್ ಬೇ ಬರುತ್ತಾನಂತೆ. ಸಾಹೇಬರನ್ನು ನಮ್ಮಲ್ಲಿ ಬೇ ಅನ್ನುತ್ತೇವೆ. ಫಿಕ್ರಿಯ ಹೆಂಡತಿ ನವಾಲ್ ಅಂದೇ ಕೆಂಪು ಮಖಮಲ್ಲಿನ ದಿಂಬೊಂದನ್ನು ಹೊಲಿಸಿದಳು, ಕುರ್ಚಿಗೆಂದು. ಆದರೆ ಇನ್ನೊಂದು ಮಾತೂ ಇತ್ತು. ಬುಟ್ಟಿ ತುಂಬಿ ಸಿಕ್ಕಿಬಿದ್ದವನಿಗೆ ಕುರ್ಚಿಯಲ್ಲ, ಬುರ್ಜ್ ಅಲ್-ಅರಬಿನ ಈರುಳ್ಳಿ ಗೋದಾಮು. ಅಲ್ಲಿ ಒಂದು ವರ್ಷ ದುಡಿದವನ ಪಕ್ಕದಲ್ಲಿ ಹೆಂಡತಿಯೂ ಮಲಗುವುದಿಲ್ಲ ಎಂದು ಹೇಳುತ್ತಾರೆ.

ಇಸ್ಮತ್ ಬೇ ಬರುವ ಹಿಂದಿನ ಸಂಜೆ ಫಿಕ್ರಿ ಎಲ್ಲ ಮಹಡಿ ಹತ್ತಿ ಬಾಗಿಲು ಬಾಗಿಲಿಗೂ ಕೈ ಮುಗಿದ. ನಾಳೆ ಒಂದು ಬೆಳಿಗ್ಗೆ ಯಾರೂ ಏನೂ ತರಿಸಿಕೊಳ್ಳಲು ಬುಟ್ಟಿ ಇಳಿಸಬೇಡಿ. ಎಲ್ಲರೂ ಒಪ್ಪಿದರು. ನಾಲ್ಕನೇ ಮಹಡಿಯ ದರ್ಜಿ ಹೆಂಗಸು, ಮ್ಯಾನೇಜರಾದ ಮೇಲೆ ನೀನೂ ಗಾಜಿನೊಳಗಿನ ಮೀನಾಗುತ್ತೀಯೋ ಎಂದು ಚುಚ್ಚಿದಳು. ಐದನೇ ಮಹಡಿಯ ಮುದುಕಿ, ಹಿಂದೊಮ್ಮೆ ಹಜ್ ಯಾತ್ರೆ ಮಾಡಿ ಬಂದ ಇನ್ಶಿರಾ ಹಜ್ಜಾ ಮಾತ್ರ ಚುಚ್ಚಲಿಲ್ಲ. ಆಕೆಗೆ ಮಂಡಿ ಹೋಗಿ ಬಹಳ ಕಾಲವಾಗಿದೆ. ಫಿಕ್ರಿಯನ್ನು ತೊಟ್ಟಿಲಲ್ಲಿ ತೂಗಿದವಳು. ತರಿಸಿಕೊಳ್ಳಲು ಬುಟ್ಟಿ ಇಳಿಸುವುದಿಲ್ಲವೆಂದು ಹಗ್ಗ ಮುಟ್ಟಿ ಆಣೆ ಮಾಡಿದಳು.

ಮರುದಿನ ಇಸ್ಮತ್ ಬೇ ಬಂದ. ದಪ್ಪ ಮನುಷ್ಯ, ಉಣ್ಣೆಯ ಕೋಟು, ಸೆಖೆ. ಚೀಸ್ ಕೌಂಟರಿನಲ್ಲಿ ಎಲ್ಲ ಬಗೆಯನ್ನೂ ಚೂರು ಚೂರು ರುಚಿ ನೋಡಿದ, ಮತ್ತೆ ಮೊದಲಿನಿಂದ ನೋಡಿದ. ಫ್ರಿಜ್ಜು ಒದೆಯಿಲ್ಲದೆ ನಡೆಯಿತು. ಬೆಕ್ಕು ಸಹ ಎಲ್ಲೋ ಹೋಗಿ ಮರ್ಯಾದೆ ಉಳಿಸಿತು. ಕೊನೆಗೆ ಇಸ್ಮತ್ ಬೇ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಬೋರ್ಡು ನೋಡಲು ಹೊರಗೆ ಬಂದ. ನಾನು ಎರಡನೇ ಮಹಡಿಯ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದೆ. ನನ್ನ ಮೂಗಿನ ಮುಂದೆಯೇ ಇನ್ಶಿರಾ ಹಜ್ಜಾಳ ಬುಟ್ಟಿ ಮೆಲ್ಲಗೆ ಕೆಳಗಿಳಿದು ಇಸ್ಮತ್ ಬೇಯ ಎದೆಯ ಮಟ್ಟಕ್ಕೆ ನಿಂತಿತು. ಒಳಗೆ ಒಂದು ಬೋಗುಣಿ ಅಕ್ಕಿ ಪಾಯಸ, ಮೇಲೆ ದಾಲ್ಚಿನ್ನಿ, ಒಂದು ಚಮಚ.

ಆಕೆ ಆಣೆ ಮುರಿದಿರಲಿಲ್ಲ. ತರಿಸಿಕೊಳ್ಳುವುದಿಲ್ಲ ಅಂದಿದ್ದಳೇ ಹೊರತು ಕಳಿಸುವುದಿಲ್ಲ ಅಂದಿರಲಿಲ್ಲ. ನಮ್ಮ ಹುಡುಗನ ದೊಡ್ಡ ಮನುಷ್ಯ ಬಂದಿದ್ದಾನೆ, ಬರೀ ಬಾಯಲ್ಲಿ ಕಳಿಸುವುದೇ?

"ಇದ್ಯಾರ ಬುಟ್ಟಿ?" ಎಂದ ಇಸ್ಮತ್ ಬೇ.

ಫಿಕ್ರಿಯ ಕಣ್ಣಮುಂದೆ ಈರುಳ್ಳಿ ಬೆಟ್ಟ ಎದ್ದು ನಿಂತಿರಬೇಕು. "ಗೊತ್ತಿಲ್ಲ ಬೇ. ಯಾವ್ದೋ ತಲೆಕೆಟ್ಟ ಮುದುಕಿ ಇರ್ಬೇಕು" ಅಂದುಬಿಟ್ಟ.

ಇನ್ಶಿರಾ ಹಜ್ಜಾಳ ಮಂಡಿ ಹೋಗಿದೆ, ಕಿವಿ ಹೋಗಿಲ್ಲ.

ಇಸ್ಮತ್ ಬೇ ಎಷ್ಟಾದರೂ ಅಲೆಕ್ಸಾಂಡ್ರಿಯಾದವನು. ಪಾಯಸದ ವಾಸನೆಗೆ ಕಾನೂನು ಕರಗಿತು. ಎರಡೂ ಕೈಯಲ್ಲಿ ಬೋಗುಣಿ ಎತ್ತಿಕೊಳ್ಳಲು ತೋಳಿನ ಕೋಟು ಅಡ್ಡ ಬಂತು. ಅದನ್ನು ಬುಟ್ಟಿಯೊಳಗೆ ಇಟ್ಟ. ಬುಟ್ಟಿ ಭಾರವಾಯಿತು. ಮೇಲಿನ ಕೈ ಸೇದಿತು. ಇವನು ಎರಡನೇ ಚಮಚ ಬಾಯಿಗಿಡುವಷ್ಟರಲ್ಲಿ ಕೋಟು ಕಾರಿನ ಕೀಲಿ ಸಮೇತ ನನ್ನನ್ನು ದಾಟಿ ಹೋಯಿತು. ಫಿಕ್ರಿ ಹಾರಿ ಹಿಡಿಯಲು ನೋಡಿ ತನ್ನ ಟೈಯನ್ನೇ ಹಿಡಿದುಕೊಂಡ.

"ಹಜ್ಜಾ, ಕೋಟು ಕೆಳಗ್ ಬಿಡು."

"ಯಾರಪ್ಪಾ ನೀನು?" ಎಂದಿತು ಐದನೇ ಮಹಡಿ.

"ನಾನು ಹಜ್ಜಾ, ಫಿಕ್ರಿ."

"ಯಾವ ಫಿಕ್ರಿ? ನಂಗ್ ಗೊತ್ತಿರೋ ಫಿಕ್ರಿಗೆ ನಾನ್ಯಾರು ಅಂತ ಗೊತ್ತು. ನೀನ್ಯಾವ್ದೋ ತಲೆಕೆಟ್ಟೋನು ಇರ್ಬೇಕು."

ಅಷ್ಟರಲ್ಲಿ ಎಲ್ಲ ಬಾಲ್ಕನಿಗಳೂ ತುಂಬಿದ್ದವು. ಮೊದಲನೇ ಮಹಡಿಯವಳು ಕೋಟಿನ ಒಳಪದರ ರೇಷ್ಮೆಯೋ ಎಂದು ಕೇಳಿದಳು. ದರ್ಜಿ ಹೆಂಗಸು, ಬಟ್ಟೆ ಚೆನ್ನಾಗಿದೆ, ಹೊಲಿದವನನ್ನು ಹಿಡಿದು ಬಡಿಯಬೇಕು ಎಂದು ತೀರ್ಪು ಕೊಟ್ಟಳು. ಕೊನೆಗೆ ಇಸ್ಮತ್ ಬೇ ತಾನೇ ತಲೆಯೆತ್ತಿ, ಕೋಟು ತನ್ನದೆಂದೂ ದಯಮಾಡಿ ಬುಟ್ಟಿಯಲ್ಲಿ ಕಳಿಸಬೇಕೆಂದೂ ಕೇಳಿಕೊಂಡ.

"ಬುಟ್ಟಿ ಬಂದ್ ಅಲ್ವಾ ಮಗಾ? ನಿಮ್ದೇ ಕಾನೂನಂತೆ. ಬೇಕಾದೋರು ಕಾಲ್ನಡಿಗೇಲಿ ಬರ್ಬೇಕು. ಹತ್ತಿ ಬಾ. ದಾರೀಲಿ ಬಿಸ್ಕತ್ತು ಸಿಕ್ರೆ ನೋಡ್ಕೊಂಡ್ ಬಾ."

ಗಿರಣಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಮುಷ್ಕರ ಹೂಡಿ, ಗೇಟು ತಡೆದು ನಿಂತು, ಘೋಷಣೆ ಕೂಗಿ ಗಂಟಲು ಹರಿದುಕೊಂಡವರು ನಾವು. ಇಷ್ಟು ಒಳ್ಳೆಯ ಮಾತು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇಸ್ಮತ್ ಬೇ ಹತ್ತಿದ. ಹಿಂದೆ ಬೋಗುಣಿ ಹಿಡಿದು ಫಿಕ್ರಿ. ಎರಡನೇ ಮಹಡಿಗೆ ಬರುವಷ್ಟರಲ್ಲಿ ದೊಡ್ಡ ಮನುಷ್ಯ ಕುಲುಮೆಯ ತಿದಿಯಂತೆ ಊದುತ್ತಿದ್ದ. ನಾನು ಕುರ್ಚಿ ಹಾಕಿ ನೀರು ಕೊಟ್ಟೆ. ಫಿಕ್ರಿಗೆ ಅಲ್ಲಿ ತಡೆಯಲಾಗಲಿಲ್ಲ.

"ಬೇ, ಸುಳ್ ಹೇಳ್ದೆ. ಅದು ಇನ್ಶಿರಾ ಹಜ್ಜಾ. ನನ್ನ ಎತ್ತಿ ಆಡ್ಸಿದೋಳು. ದಿನಾ ಎಲ್ರ ಬುಟ್ಟೀನೂ ತುಂಬೋನು ನಾನೇ. ಈರುಳ್ಳಿಗೆ ಹಾಕೋದಾದ್ರೆ ಹಾಕಿ."

ಇಸ್ಮತ್ ಬೇಗೆ ಮಾತಾಡಲು ಉಸಿರಿರಲಿಲ್ಲ. ಬರೀ ಒಂದು ಬೆರಳು ಎತ್ತಿದ. ಅದು ತಾಳು ಅನ್ನುವ ಬೆರಳೋ, ಗೋದಾಮಿನ ದಿಕ್ಕು ತೋರಿಸುವ ಬೆರಳೋ ತಿಳಿಯದೆ ಫಿಕ್ರಿ ಅವನ ಹಿಂದೆಯೇ ಉಳಿದ ಮೆಟ್ಟಿಲುಗಳನ್ನು ಹತ್ತಿದ.

ಮೇಲೆ ಹಜ್ಜಾ ಕೋಟಿನ ಸಡಿಲ ಗುಂಡಿಯನ್ನು ಬಿಗಿಯಾಗಿ ಹೊಲಿದು ಮಡಿಸಿಟ್ಟಿದ್ದಳಂತೆ. ಫಿಕ್ರಿ ಆಕೆಯ ನೆತ್ತಿಗೆ ಮುತ್ತಿಡಲು ಬಗ್ಗಿದಾಗ ಟೈ ಕೈಗೆ ಸಿಕ್ಕಿತು. ಆಕೆ ಸಾಧ್ಯವಾದಷ್ಟೂ ಎಳೆದು ಬಿಟ್ಟಳು. ಆ ಪಟ್ ಸದ್ದು ನನ್ನ ಮನೆಯವರೆಗೂ ಕೇಳಿಸಿತು.

ಇಸ್ಮತ್ ಬೇ ಕೆಳಗಿಳಿದು ಬಂದು ಸಕ್ಕರೆ ಮೂಟೆಯ ಮೇಲೆ, ವಾಪಸು ಬಂದಿದ್ದ ಬೆಕ್ಕಿನ ಪಕ್ಕದಲ್ಲಿ ಕುಸಿದ. ಮಂಡಿ ನೀವಿಕೊಳ್ಳುತ್ತ ಕೇಳಿದ: "ಈ ಮೆಟ್ಲು ದಿನಾ ಯಾರ್ ಹತ್ತಿ ಇಳೀತಾರೋ?"

"ಯಾರೂ ಇಲ್ಲ ಬೇ. ಅದಕ್ಕೇ ಬುಟ್ಟಿ."

ಬುಟ್ಟಿ ಇರಲಿ ಎಂದು ಅಲ್ಲೇ ಅಪ್ಪಣೆಯಾಯಿತು. ಈರುಳ್ಳಿ ಗೋದಾಮಿನ ಮಾತು ಏಳಲಿಲ್ಲ. ಫಿಕ್ರಿ ಕುರ್ಚಿಯ ಕಡೆ ಕಣ್ಣು ಹಾಯಿಸಿದ. ಇಸ್ಮತ್ ಬೇ ಅವನ ಹೆಗಲು ತಟ್ಟಿದ: "ನಿನ್ನಂಥೋನು ಸಿಗೋದು ಕಷ್ಟ ಕಣಯ್ಯಾ. ನಿನ್ನ ಒಳಗ್ ಕೂರ್ಸಿದ್ರೆ ಹೊರಗೆ ಬುಟ್ಟಿ ತುಂಬೋರ್ಯಾರು?"

ದುಡಿಯುವವನನ್ನು ದುಡಿತದಲ್ಲೇ ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಹೊಗಳಿಕೆಯನ್ನು ಯಾವ ಯಜಮಾನನೂ ಇನ್ನೂ ಕಂಡುಹಿಡಿದಿಲ್ಲ.

ಕುರ್ಚಿಗೆ ಹೊಸಬನೊಬ್ಬ ಬಂದಿದ್ದಾನೆ. ಅವನ ಹೆಸರು ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ. ತೂಕಡಿಸುವುದರಲ್ಲಿ ರಮ್ಸಿಯನ್ನು ಮೀರಿಸುತ್ತಾನೆ. ನವಾಲ್ ವಾರವಿಡೀ ಗಂಡನಿಗೆ ಬರೀ ಬೇಯಿಸಿದ ಅವರೆಕಾಳು ಬಡಿಸಿದಳು. ಆಮೇಲೊಂದು ಬೆಳಿಗ್ಗೆ ಇನ್ಶಿರಾ ಹಜ್ಜಾ ಮತ್ತೆ ಪಾಯಸ ಇಳಿಸಿದಳು, ಈ ಸಲ ನವಾಲ್‌ಗೆಂದು. ಬೋಗುಣಿ ಎತ್ತಿಕೊಂಡ ನವಾಲ್ ಖಾಲಿ ಬುಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದಳು. ಮನೆಗೆ ಹೋಗಿ ಕೆಂಪು ಮಖಮಲ್ಲಿನ ದಿಂಬು ತಂದು ಅದರಲ್ಲಿ ತುರುಕಿದಳು.

ಈಗ ಹಜ್ಜಾ ಬಾಲ್ಕನಿಯಲ್ಲಿ ಅದರ ಮೇಲೆ ಕೂತೇ ಫಿಕ್ರಿಯನ್ನು ಕೂಗುತ್ತಾಳೆ.