ಮಾಮ ಬಂದವ್ರೆ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಅಮ್ಮ ಬೇತಮಂಗಲದ ಕಡೆ ತೋಟಗಳಿಗೆ ಟೊಮೆಟೊ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ನಾನು ಬಂಗಾರಪೇಟೆಯಲ್ಲಿ ಬಿ.ಎ. ಮುಗಿಸಿ, ಬಸ್ಸಿನಲ್ಲಿ ನಿಂತೇ ಓಡಾಡಿ ಸಮಾಜಕಾರ್ಯ ಓದಿ, ಮಕ್ಕಳ ರಕ್ಷಣೆಯ ಕಚೇರಿಗೆ ಗುತ್ತಿಗೆ ಮೇಲೆ ಸೇರಿದೆ. ಸುದ್ದಿ ಕೇಳಿದ ಪಕ್ಕದ ಮನೆಯ ದೊಡ್ಡಮ್ಮ, "ಏನ್ಲೇ, ಮಕ್ಳು ನೋಡ್ಕಳಾಕೆ ಡಿಗ್ರಿ ಬೇಕಾ? ನಿಮ್ಮಮ್ಮ ಯಾವ ಕಾಲೇಜ್ಗೆ ಓಗಿದ್ಲು?" ಎಂದರು. ಅಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೊದಲ ಕೆಲವು ತಿಂಗಳು ಫೋನ್ ಎತ್ತುವುದು, ಬಂದವರನ್ನು ಕೂರಿಸುವುದು, ಇಷ್ಟೇ ಕೆಲಸ. ಹಳ್ಳಿಗಳಿಗೆ ಹೋಗುತ್ತಿದ್ದವರು ನಮ್ಮ ಮೇಲಧಿಕಾರಿ. ಕರಾವಳಿಯವರು, ಒಳ್ಳೆಯ ಮನುಷ್ಯ.

ಅವರೆಕಾಯಿ ಕಾಲದ ಒಂದು ಶುಕ್ರವಾರ ಕರೆ ಬಂತು. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯ ಹುಡುಗಿ, ಹತ್ತನೇ ಕ್ಲಾಸು. ಯಾರದೋ ಫೋನಿನಿಂದ ಪಿಸುಮಾತಿನಲ್ಲಿ ತನ್ನ ಊರು, ಮನೆಯ ಗುರುತು ಹೇಳಿದಳು. "ಮಾಮ ಬಂದವ್ರೆ. ಸೋಮವಾರದಿಂದ ನನ್ನ ಇಸ್ಕೂಲ್ಗೆ ಕಳ್ಸಲ್ಲಂತೆ," ಎಂದವಳೇ ಫೋನ್ ಇಟ್ಟುಬಿಟ್ಟಳು.

ಸಾರ್‌ಗೆ ಹೇಳಿದೆ. "ಮಾವ ಬಂದ ಅಂತ ನಾಲ್ಕು ದಿನ ರಜೆ ಹಾಕಿಸ್ತಾರೇನೋ. ಶಾಲೆಯವರಿಗೆ ಒಂದು ಮಾತು ಹೇಳಿದ್ರಾಯ್ತು ಮಾರಾಯ್ರೆ," ಎಂದರು.

ತಪ್ಪು ಅವರದಲ್ಲ. ಅವರ ಊರಿನಲ್ಲಿ ಮಾವ ಎಂದರೆ ಮಾವ ಅಷ್ಟೇ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನ ತಮ್ಮನಿಗೇ ಹುಡುಗಿ ಎಂದು ತೊಟ್ಟಿಲಲ್ಲೇ ಮಾತಾಗಿರುತ್ತದೆ. ಚಾಕೊಲೇಟು ತರುವವನೂ ಅದೇ ಮಾಮ, ತಾಳಿ ತರುವವನೂ ಅದೇ ಮಾಮ. ಬಂದಿರುವುದು ಯಾವ ಮಾಮ ಎಂಬುದು ಹುಡುಗಿಯ ದನಿಯಲ್ಲಿ ತಿಳಿಯಬೇಕು.

"ಸಾರ್, ಬಂದಿರೋದು ನೆಂಟ ಅಲ್ಲ. ಗಂಡು," ಎಂದೆ.

ಅವರು ತಕ್ಷಣ ಠಾಣೆಗೆ ಫೋನ್ ಮಾಡಿದರು. ಜೀಪು ಹತ್ತುವಾಗ, "ಇವತ್ತು ನೀವೇ ಮುಂದೆ ನಿಂತು ಮಾತಾಡಿ," ಎಂದರು.

ಸಾರ್ ಜೀಪಿನ ಬಳಿಯೇ ನಿಂತರು. ಮನೆ ಮುಂದೆ ಚಪ್ಪರವಿಲ್ಲ, ಮಾವಿನ ಸೊಪ್ಪಿಲ್ಲ. ಹೊಸಿಲ ಬಳಿ ಹುಡುಗಿಯ ಅಜ್ಜಿ ಅವರೆಕಾಯಿ ಸುಲಿಯುತ್ತಿತ್ತು. ಜೊತೆಗಿದ್ದ ಮಹಿಳಾ ಪೊಲೀಸನ್ನು ನೋಡಿದ್ದೇ, "ನನ್ ಮಗ ಅವರಕ್ಕನ ಮನೆಗೆ ಬರಾದೂ ತಪ್ಪೇನಮ್ಮಾ?" ಎಂದು ಎಗರಿಬಿತ್ತು. ನನ್ನ ಕಾಲಿನ ಬೆರಳು ನೋಡಿ, "ನಿಂಗ್ ಮದ್ವೆ ಆಗೈತಾ?" ಎಂದಿತು.

"ಇಲ್ಲಜ್ಜಿ."

"ಅದ್ಕೇ ಬಂದವ್ಳೆ, ಇನ್ನೊಬ್ರು ಮದ್ವೆ ಕೆಡ್ಸಾಕೆ!"

ಪೊಲೀಸಮ್ಮ ಆ ಕಡೆ ತಿರುಗಿ ನಗು ನುಂಗಿದರು. ನಾನು ಅಜ್ಜಿಯ ಪಕ್ಕದಲ್ಲೇ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ. "ಯಾರದಜ್ಜಿ ಮದ್ವೆ?" ಎಂದೆ.

ಅಜ್ಜಿಯ ಕೈ ನಿಂತಿತು. ಒಳಗಿನಿಂದ ಹುಡುಗಿಯ ಅಮ್ಮ ಬಂದಳು, ಬೆರಳಲ್ಲಿ ಟೊಮೆಟೊ ಕರೆ. ಭಾನುವಾರ ಬೆಳಗ್ಗೆ ಗುಡಿಯಲ್ಲಿ ತಾಳಿ ಎಂಬುದು ಅವಳ ಬಾಯಿಂದಲೇ ಹೊರಬಿತ್ತು. ಹದಿನೆಂಟು ತುಂಬದ ಹುಡುಗಿಗೆ ತಾಳಿ ಕಟ್ಟುವವನಿಗೂ ಕಟ್ಟಿಸುವವರಿಗೂ ಜೈಲು ಎಂದು ನೇರವಾಗಿ ಹೇಳಿದೆ. "ಓದಿ ಏನ್ ಕಿಸೀತಾಳೆ?" ಎಂದಳು ಅಮ್ಮ. "ನನ್ ತರ ಸಂಬ್ಳ ತರ್ತಾಳೆ. ನಮ್ಮಮ್ಮಾನೂ ಟೊಮೆಟೊ ಕೂಲಿನೇ ಅಕ್ಕ," ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಬ್ಬಳನ್ನೇ ಮಾತಾಡಿಸಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಮಾಮ ಅಂದ್ರೆ ನಂಗಿಷ್ಟಾನೇ ಅಕ್ಕ. ಚಿಕ್ಕೋಳಿದ್ದಾಗ ಎಗಲ್ ಮೇಲೆ ಕೂರಿಸ್ಕಂಡು ತಿರುಗ್ಸೋರು. ಅವ್ರು ಮಾಮನಾಗೇ ಇರ್ಲಿ."

"ಇದನ್ನ ಅವರಿಗೆ ಹೇಳ್ಲಾ?"

"ಹೇಳಿ. ಇಲ್ಲ, ನಾನೇ ಹೇಳ್ತೀನಿ."

ಒಳಗೆ ಹೋಗಿ, ಗೋಡೆಗೆ ಒರಗಿ ನಿಂತಿದ್ದ ಮಾಮನ ಮುಂದೆ, ಅದೇ ಮಾತನ್ನು ಅವಳೇ ಹೇಳಿದಳು. ಟೆಂಪೊ ಓಡಿಸುವ ಎತ್ತರದ ಆಳು. ಅಂಗಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅಕ್ಕನ ಕೈಗಿಟ್ಟ. ತಾಳಿ.

"ಥೂ, ಗಂಡ್ಸೇನ್ಲಾ ನೀನು?" ಎಂದಿತು ಅಜ್ಜಿ.

"ಸುಮ್ಕಿರವ್ವ. ಮಾಮ ಅಂದವ್ಳೆ, ಕೇಳಿಸ್ಲಿಲ್ವಾ?" ಎಂದ.

ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ಕೂಲಿಯಿಂದ ಬಂದ ತಂದೆಯೂ ತಾಯಿಯೂ ಮುಚ್ಚಳಿಕೆ ಬರೆದುಕೊಟ್ಟರು. ಬರೆದುಕೊಟ್ಟವರೆಲ್ಲ ಮಾತು ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಸೋಮವಾರ ನಾನು ಶಾಲೆಯ ಗೇಟಿನಲ್ಲೇ ಕಾದು ನಿಂತೆ. ಟೆಂಪೊ ಬಂತು. ಮುಂದಿನ ಸೀಟಿನಿಂದ ಹುಡುಗಿ ಇಳಿದಳು. ಪರೀಕ್ಷೆ ಮುಗಿಯುವವರೆಗೂ ಆ ಕಡೆ ಹೋದಾಗಲೆಲ್ಲ ಅವಳ ಹಾಜರಿ ಕೇಳುತ್ತಿದ್ದೆ. ಅಂದಿನಿಂದ ಹಳ್ಳಿಗಳಿಗೆ ಸಾರ್ ನನ್ನನ್ನೂ ಕಳಿಸತೊಡಗಿದರು.

ಫಲಿತಾಂಶದ ದಿನ ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೆಜಿಎಫ್ ಕಡೆಯ ರೈಲಿಗೆ ಕಾಯುತ್ತಿದ್ದೆ. ಫೋನ್ ಬಂತು. "ಅಕ್ಕಾ, ಫಸ್ಟ್ ಕ್ಲಾಸು! ಮಾಮ ಟೆಂಪೊ ಹಾರನ್ ಹೊಡೀತಾನೇ ಅವ್ರೆ, ಕೇಳಿಸ್ತೈತಾ?" ಕೇಳಿಸುತ್ತಿತ್ತು. ನಾನು ಪ್ಲಾಟ್‌ಫಾರಂ ಮೇಲೆ ನಿಂತಲ್ಲೇ ಕೂಗಿಬಿಟ್ಟೆ. ಜನ ತಿರುಗಿ ನೋಡಿದರು. ವಡೆ ಮಾರುವವನು ಬುಟ್ಟಿ ಇಳಿಸಿ, "ಎನ್ನಾಕ್ಕಾ, ಗೌರ್ಮೆಂಟ್ ವೇಲ ಕೆಡಚಿದುಚ್ಚಾ?" ಎಂದು ತಮಿಳಿನಲ್ಲಿ ಕೇಳಿದ, ಸರ್ಕಾರಿ ಕೆಲಸ ಸಿಕ್ಕಿತಾ ಅಂತ.

"ಅದಕ್ಕಿಂತ ದೊಡ್ಡದು ಕಣಪ್ಪ. ನಮ್ಮ ಹುಡುಗಿ ಪಾಸಾದ್ಲು!" ಎಂದೆ.

ಅವನು ಬಿಸಿ ವಡೆಯೊಂದನ್ನು ಕಾಗದಕ್ಕೆ ಸುತ್ತಿ ಕೈಗಿತ್ತ. ತಿನ್ನುತ್ತಲೇ ರೈಲು ಹತ್ತಿದೆ.