ಅಕ್ಕೋರ ಪದಕೋಶ ಮತ್ತು ಸೀರಿಯಲ್ ಕೇಬಲ್

ಎರಡು ವರ್ಷದ ಹಿಂದಿನ ಮಾತು. ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್ ಕೆಲಸದಿಂದ ನಿವೃತ್ತನಾಗಿ ಕುಂದಗೋಳದಲ್ಲಿದ್ದೆ. ಮಿಶ್ರಿಕೋಟಿಯ ಗಂಗಮ್ಮ ಅಕ್ಕೋರಿಂದ ಫೋನ್ ಬಂತು. ಶಾಲೆಯ ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ಊರೂರು ತಿರುಗಿ, ರೈತರನ್ನೂ ಬಡಿಗರನ್ನೂ ಕೇಳಿ, ಒಕ್ಕಲುತನದ ಪದಕೋಶವೊಂದನ್ನು ಹಳೆಯ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಬೇರೆ ಪ್ರತಿ ಇರಲಿಲ್ಲ. ಪದ ಹೇಳಿದವರಲ್ಲಿ ಬಹಳಷ್ಟು ಜನ ತೀರಿಹೋಗಿದ್ದರು, ಅಕ್ಕೋರಿಗೂ ಕಣ್ಣು ಮಂಜಾಗಿತ್ತು. ಮತ್ತೆ ಬರೆಯುವ ಮಾತೇ ಇರಲಿಲ್ಲ.

"ಪ್ಯಾಟ್ಯಾಗಿನ ಅಂಗಡ್ಯಾವ ನೋಡಿ, ಎಲ್ಲಾ ಅಳಿಸಿ ಹೋಗೇದ, ಹೊಸಾದ ತಗೋರಿ ಅಂದ. ವರ್ಷ ಆತು. ನೀವ ಒಮ್ಮೆ ನೋಡ್ರಿ ತಮ್ಮಾ" ಎಂದರು.

ಮಿಶ್ರಿಕೋಟಿಗೆ ಹೋದೆ. ಅಂಗಡಿಯವನು ನೋಡಿದಂದಿನಿಂದ ಬಟ್ಟೆ ಮುಚ್ಚಿಟ್ಟಿದ್ದ ಯಂತ್ರ. ಗುಂಡಿ ಒತ್ತಿದೆ. ಹಾರ್ಡ್ ಡಿಸ್ಕ್ ಗರಗರ ತಿರುಗಿತು, ಫೈಲುಗಳ ಹೆಸರು ಸಾಲಾಗಿ ಬಂದವು. ನನಗೆ ಮೈಯೆಲ್ಲ ಉರಿಯಿತು. ಆ ಪುಣ್ಯಾತ್ಮ ಫೈಲು ಇಳಿಸಿಕೊಳ್ಳಲು ಫ್ಲಾಪಿ ಹಾಕಿದ್ದಾನೆ, ಅದು ಓದಿಲ್ಲ, ಅಷ್ಟಕ್ಕೇ ಕೈತೊಳೆದುಕೊಂಡಿದ್ದಾನೆ. ಓದುವುದಾದರೂ ಹೇಗೆ? ಪ್ರತಿ ವರ್ಷ ಮಹಾನವಮಿ ಪೂಜೆಗೆ ಮನೆಯವರು ಫ್ಲಾಪಿ ಡ್ರೈವಿನ ಬಾಯಿಯ ಮೇಲೆಯೇ ಮೂರು ಬೆರಳು ವಿಭೂತಿ ಎಳೆದಿದ್ದರು. ಒಳಗೆಲ್ಲ ಬೂದಿ ಗಟ್ಟಿಯಾಗಿ ಕೂತಿತ್ತು. ಪೆನ್ ಡ್ರೈವ್ ಹಾಕೋಣವೆಂದರೆ ಯುಎಸ್‌ಬಿ ಇಲ್ಲದ ಕಾಲದ ಯಂತ್ರ. ಮುದಿ ಹಾರ್ಡ್ ಡಿಸ್ಕನ್ನು ಬಿಚ್ಚಲು ನನಗೂ ಧೈರ್ಯ ಬರಲಿಲ್ಲ.

ಉಳಿದದ್ದು ಬೆನ್ನಿಗಿದ್ದ ಸೀರಿಯಲ್ ಪೋರ್ಟ್. ಅದರಲ್ಲಿ ಮಾಹಿತಿ ಒಂದೇ ತಂತಿಯಲ್ಲಿ ಒಂದೊಂದೇ ಬಿಟ್ ಆಗಿ ಸಾಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿಗೂ ಅಂಥದೇ ಪೋರ್ಟ್ ಇತ್ತು. ಎರಡು ಕಂಪ್ಯೂಟರು ಮಾತಾಡಬೇಕಾದರೆ ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ಅದಕ್ಕೆ ಕೇಬಲ್ಲಿನಲ್ಲಿ ಕಳಿಸುವ ಮತ್ತು ಪಡೆಯುವ ತಂತಿಗಳು ಅದಲುಬದಲಾಗಿರಬೇಕು. ಅಂಥ ನಲ್ ಮೋಡೆಮ್ ಕೇಬಲ್ ಬೆಸೆದು, ಎರಡೂ ಕಡೆ ವೇಗವನ್ನು ಸೆಕೆಂಡಿಗೆ 9600 ಬಿಟ್‌ಗೆ ಇಟ್ಟು ಫೈಲು ಕಳಿಸಿದೆ.

ಬಂದವು. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಗೀಚು.

"ಅಂಗಡ್ಯಾವ ಖರೇನ ಹೇಳಿದ್ನಲ್ರಿ" ಎಂದ ಪಕ್ಕದಲ್ಲಿ ನಿಂತಿದ್ದ ಅಕ್ಕೋರ ಅಳಿಯ. ಅಕ್ಕೋರ ಮುಖ ಬಾಡಿತು.

"ಸ್ವಲ್ಪ ಬಾಯಿ ಮುಚ್ಕೊಂಡ ಕುಂದ್ರಪಾ" ಎಂದೆ. ಆಗಿನ ಕನ್ನಡ ಫೈಲಿಗೆ ಅದರದೇ ಫಾಂಟ್ ಬೇಕು. ಅದು ಹಳೆಯ ಯಂತ್ರದಲ್ಲಿತ್ತು. ಅದನ್ನೂ ಅದೇ ಕೇಬಲ್ಲಿನಲ್ಲಿ ತಂದೆ. ಅಕ್ಷರ ಮೂಡಿತು. ಕಣ್ಣಿಗೆ ಬಿದ್ದದ್ದನ್ನು ಜೋರಾಗಿ ಓದಿದೆ: "ಎಡಿಕುಂಟಿ. ಬೆಳೆಯ ಸಾಲುಗಳ ನಡುವೆ ಕಳೆ ತೆಗೆಯುವ ಕುಂಟೆ."

"ದುಮ್ಮವಾಡದ ಬಡಿಗೇರ ಅಜ್ಜಾರ ಹೇಳಿದ್ದು" ಎಂದರು ಅಕ್ಕೋರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅವರೆಲ್ಲಾ ನನ್ನ ನಂಬಿ ಹೇಳಿದ್ರು. ಕಳದಬಿಟ್ನೆಲ್ಲಾ ಅಂತ ಒಂದ ವರ್ಷ ಅತ್ತೇನಿ."

ಮರುದಿನವೇ ಆ ಅಂಗಡಿಗೆ ಹೋದೆ. ಸೀರಿಯಲ್ ಕೇಬಲ್ಲಿನಲ್ಲಿ ಫೈಲು ಬಂದದ್ದನ್ನು ತಿಳಿಸಿ, ಅಳಿಸಿಹೋಗಿದೆ ಎಂದು ಯಾಕೆ ಹೇಳಿದೆ ಎಂದು ಕೇಳಿದೆ.

"ನಮ್ಮ ಕಡೆ ಆ ಕೇಬಲ್ ಇರಲಿಲ್ರಿ" ಎಂದ.

"ಹಂಗಂತ ಹೇಳಬೇಕಿತ್ತಪಾ."

ನಮ್ಮ ಕಸುಬಿನವರಿಗೆ ಈ ಚಟವಿದೆ: ತಮ್ಮ ಕೈಲಾಗದ್ದನ್ನು ಯಾರ ಕೈಲೂ ಆಗದು ಎಂದುಬಿಡುವುದು. ನನಗೆ ಬರುವುದಿಲ್ಲ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಗೆ ವರ್ಷಪೂರ್ತಿ ಅತ್ತವರು ಅಕ್ಕೋರು.